ಕುಂಚ ಕೆಳಗಿಡದೆ ಕ್ಯಾಮೆರಾ ಎತ್ತಿಕೊಳ್ಳಿ

ಈ ವರ್ಷ ಚಿತ್ರಕಲೆ, ನಾಟಕ, ಸಂಗೀತ, ಯಕ್ಷಗಾನದ ಪಾಠ ಮುಗಿಸಿ ಹೊರಗೆ ಬರುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,



ನಿಮ್ಮಲ್ಲಿ ಎಷ್ಟೋ ಜನ ಈಗಾಗಲೇ ಕ್ಯಾಮೆರಾ ಹಿಡಿದು ಒಂದಿಷ್ಟು ದುಡ್ಡು ನೋಡಿದ್ದೀರಿ. ಯಾರದೋ ಮದುವೆಗೆ ಲೈಟ್ ಹಿಡಿಯಲು ಹೋದವರು ಆರತಕ್ಷತೆಯ ಹೊತ್ತಿಗೆ ಎರಡನೇ ಕ್ಯಾಮೆರಾ ಹಿಡಿದಿದ್ದೀರಿ. ನಿಮ್ಮ ತಂಡದ ಪೋಸ್ಟರಿಗೆಂದು ತೆಗೆದ ಫೋಟೋ ನೋಡಿ ಇನ್ನೊಂದು ತಂಡದವರು ಕರೆದಿದ್ದಾರೆ. ದುಡ್ಡಿನ ಜೊತೆ ಮುಜುಗರವೂ ಬಂದಿದೆ. ‘ಪೇಂಟಿಂಗ್ ಬಿಟ್ಟೆಯಂತಲ್ಲ’ ಎಂದು ಮೇಷ್ಟ್ರು ಕೇಳಿದಾಗ ಏನು ಹೇಳಬೇಕೋ ತಿಳಿಯದೆ ತಲೆ ಕೆರೆದುಕೊಂಡಿದ್ದೀರಿ. ಕಾರ್ಯಾಗಾರಕ್ಕೆಂದು ನಾನು ಹೋದಲ್ಲೆಲ್ಲ ಊಟದ ಹೊತ್ತಿಗೆ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುವುದು ಇದನ್ನೇ: ‘ಸರ್, ಫೋಟೋಗ್ರಫಿಗೆ ಬಂದರೆ ಕಲೆ ಕೈಬಿಟ್ಟ ಹಾಗಾಗುತ್ತದಾ?’ ಎಲೆ ಮುಂದೆ ಕೂತು ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅನ್ನಿಸಿತು.

ಆಗುವುದಿಲ್ಲ. ಇನ್ನೂ ಮುಂದೆ ಹೋಗಿ ಹೇಳುತ್ತೇನೆ: ಈ ಕಸುಬಿನಲ್ಲಿ ನಿಮಗೆ ಯಾರಾದರೂ ಪಕ್ಕದವನಿಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟರೆ, ಅದು ನೀವು ಕ್ಯಾಮೆರಾಗಿಂತ ಮೊದಲು ಕಲಿತದ್ದಕ್ಕೆ ಸಿಕ್ಕಿದ ದುಡ್ಡು. ಕ್ಯಾಮೆರಾ ಎಲ್ಲರ ಹತ್ತಿರವೂ ಇದೆ. ಎಕ್ಸ್‌ಪೋಷರ್, ಫೋಕಸ್, ಲೆನ್ಸಿನ ಲೆಕ್ಕಾಚಾರವನ್ನು ಬುದ್ಧಿಯಿರುವ ಯಾರಾದರೂ ಒಂದು ಮಳೆಗಾಲದಲ್ಲಿ ಕಲಿಯಬಹುದು. ನೀವು ವರ್ಷಗಟ್ಟಲೆ ಗೆರೆ ಎಳೆದು, ತಾಳ ಹಾಕಿ, ಸೈಡ್‌ವಿಂಗ್‌ನಲ್ಲಿ ನಿಂತು ಕಾದು ಕಲಿತದ್ದನ್ನು ಅಷ್ಟು ಬೇಗ ಕಲಿಯಲಾಗುವುದಿಲ್ಲ.

ನಾನು ಎಲ್ಲಿಂದ ಬಂದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರೀ ಉಪದೇಶದ ಹಾಗೆ ಕೇಳಿಸುತ್ತದೆ. ನಾನು ಬೋರ್ಡ್ ಬರೆಯುತ್ತಿದ್ದವನು. ಹಗಲು ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಸಿಮೆಂಟ್ ಕಂಪನಿಯ ಗೋಡೆ ಜಾಹೀರಾತು, ಚುನಾವಣೆ ಬಂದರೆ ಪಕ್ಷಭೇದವಿಲ್ಲದೆ ಎಲ್ಲರ ಚಿಹ್ನೆ. ಸಂಜೆ ಊರಿನ ಹವ್ಯಾಸಿ ನಾಟಕ ತಂಡಕ್ಕೆ ಲೈಟು. ಫೋಟೋಗ್ರಾಫರ್ ಆಗುತ್ತೇನೆಂದು ಕನಸಲ್ಲೂ ಅಂದುಕೊಂಡಿರಲಿಲ್ಲ.

ಬೋರ್ಡ್ ಬರೆಯುವ ಕೆಲಸ ಹೇಗಿತ್ತು ಅನ್ನುವುದನ್ನು ನಿಮ್ಮ ವಯಸ್ಸಿನವರು ನೋಡಿರಲಾರಿರಿ. ತಗಡಿಗೆ ಎರಡು ಕೋಟ್ ಬಣ್ಣ ಹೊಡೆದು ಒಣಗಿಸಬೇಕು. ನೂಲಿಗೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ಛಟ್ಟೆಂದು ನೇರ ಗೆರೆ ಬೀಳುತ್ತದೆ. ಅದರ ಮೇಲೆ ಅಕ್ಷರ. ಕನ್ನಡದ ಬೋರ್ಡಿನಲ್ಲಿ ಕಷ್ಟವೆಲ್ಲ ಕೆಳಗಿನ ಒತ್ತಕ್ಷರದ್ದು. ‘ಲಕ್ಷ್ಮೀ ವಸ್ತ್ರ ಭಂಡಾರ’ ಎಂದು ಬರೆಯಬೇಕು ಅನ್ನಿ. ಮೊದಲ ಎರಡು ಪದಕ್ಕೆ ಕೆಳಗೆ ಒತ್ತುಗಳ ಗುಂಪೇ ಇದೆ, ಮೂರನೆಯದಕ್ಕೆ ಒಂದೂ ಇಲ್ಲ. ಗೆರೆಯನ್ನು ತಗಡಿನ ನಟ್ಟನಡುವೆ ಎಳೆದರೆ ಒತ್ತುಗಳು ಹೋಗಿ ಕೆಳಗಿನ ಅಂಚಿಗೆ ಬಡಿಯುತ್ತವೆ, ‘ಭಂಡಾರ’ದ ಕೆಳಗೆ ಮಾತ್ರ ಜಾಗ ಬಿಕೋ ಎನ್ನುತ್ತದೆ. ಅಲ್ಲಿ ಒಂದು ಬಳ್ಳಿಯನ್ನೋ ಫೋನ್ ನಂಬರನ್ನೋ ಕೂರಿಸಿ ತೂಕ ಸರಿಮಾಡಬೇಕು. ನನ್ನ ಮೇಸ್ತ್ರಿ ಅಕ್ಷರವನ್ನು ನೋಡುತ್ತಲೇ ಇರಲಿಲ್ಲ, ಅಕ್ಷರದ ಸುತ್ತ ಉಳಿದ ಬಣ್ಣವನ್ನು ನೋಡುತ್ತಿದ್ದರು. ‘ಮೂಲೆ ನೋಡೋ, ಮೂಲೆ ನೋಡು’ ಅನ್ನುವುದೇ ಅವರ ಇಡೀ ಪಾಠ.

ಈಗಲೂ ವ್ಯೂಫೈಂಡರಿಗೆ ಕಣ್ಣಿಟ್ಟರೆ ನನ್ನ ನೋಟ ಮೊದಲು ಹೋಗುವುದು ನಾಲ್ಕು ಮೂಲೆಗೆ. ಹೊಸದಾಗಿ ಕ್ಯಾಮೆರಾ ಹಿಡಿದವರು ಮುಖವನ್ನು ಮಾತ್ರ ನೋಡುತ್ತಾರೆ. ಮನೆಗೆ ಹೋಗಿ ಕಂಪ್ಯೂಟರಿಗೆ ಹಾಕಿದಾಗ ಧಾರೆ ಎರೆಯುವ ತಾಯಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು, ಅರ್ಧ ಬಕೆಟ್, ಪುರೋಹಿತರ ಮೊಣಕೈ ಎಲ್ಲ ಕಾಣಿಸಿಕೊಳ್ಳುತ್ತವೆ. ಡ್ರಾಯಿಂಗ್ ಕಲಿತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಳೆಯ ಅಂಚು ಎಲ್ಲಿದೆ ಎಂದು ನಿಮ್ಮ ಕೈಗೆ ಗೊತ್ತಿದೆ.

ಆಮೇಲೆ ಫ್ಲೆಕ್ಸ್ ಬಂತು. ಚದರಡಿಗೆ ಇಷ್ಟು ಎಂದು ಸಂಜೆಯೊಳಗೆ ಪ್ರಿಂಟ್ ಹಾಕಿ ಕೊಡುವಾಗ ಬಣ್ಣ ಒಣಗುವ ತನಕ ಕಾಯುವವರು ಯಾರು? ಊರೂರಲ್ಲಿ ಬೋರ್ಡ್ ಬರೆಯುವವರು ಆಟೋ ಓಡಿಸಲು ಹೋದರು, ಮನೆಗೆ ಸುಣ್ಣಬಣ್ಣ ಹೊಡೆಯಲು ಹೋದರು. ತಮಾಷೆ ನೋಡಿ, ನಮ್ಮ ಅನ್ನ ಕಸಿದ ಫ್ಲೆಕ್ಸಿಗೇ ರಾಶಿ ರಾಶಿ ಫೋಟೋ ಬೇಕಾಗಿತ್ತು. ಹುಟ್ಟುಹಬ್ಬದ ಶುಭಾಶಯ, ಜಾತ್ರೆಗೆ ಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲದಕ್ಕೂ ಮುಖ. ಹಳೆಯ ಸ್ಟುಡಿಯೊದವರು ಪಾಸ್‌ಪೋರ್ಟ್ ಫೋಟೋದ ಹಾಗೆ ನಿಲ್ಲಿಸಿ ಹೊಡೆದು ಕಳಿಸುತ್ತಿದ್ದರು. ನಾಟಕಕ್ಕೆ ಲೈಟ್ ಮಾಡಿದ ನಾನು ಮುಖದ ಒಂದು ಬದಿಗೆ ನೆರಳು ಬಿಟ್ಟು ತೆಗೆದೆ. ಪುಢಾರಿಗಳಿಗೆ ಅದು ಇಷ್ಟವಾಯಿತು. ಕಲೆಯ ಬಗ್ಗೆ ದೊಡ್ಡ ಮಾತಾಡುವವರು ಮೂಗು ಮುರಿಯಬಹುದು, ಆದರೆ ನನ್ನ ಮೊದಲ ಒಳ್ಳೆಯ ಲೆನ್ಸ್ ಬಂದದ್ದು ಆ ದುಡ್ಡಿನಿಂದ.

ನಾಟಕದ ಲೈಟಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ರಂಗಭೂಮಿಯಿಂದ ಬಂದವರಿಗೆ ತಮ್ಮ ಹತ್ತಿರ ಏನಿದೆ ಎಂದು ಅಂದಾಜೇ ಇರುವುದಿಲ್ಲ. ಹವ್ಯಾಸಿ ತಂಡಗಳಲ್ಲಿ ಎಣ್ಣೆ ಡಬ್ಬದೊಳಗೆ ಬಲ್ಬ್ ಕೂರಿಸಿ ಸ್ಪಾಟ್ ಮಾಡಿಕೊಳ್ಳುತ್ತಿದ್ದ, ಉಪ್ಪುನೀರಿನ ಜಾಡಿಯನ್ನೇ ಡಿಮ್ಮರ್ ಮಾಡಿಕೊಳ್ಳುತ್ತಿದ್ದ ಕಾಲ ಇತ್ತು. ಲೈಟು ಕಡಿಮೆ ಇದ್ದುದರಿಂದಲೇ ಪ್ರತಿ ಲೈಟಿಗೂ ಒಂದು ಕೆಲಸ ಇರಬೇಕಾಗಿತ್ತು. ಇದು ಕಿಟಕಿ, ಇದು ಲಾಂದ್ರ, ಇದು ನಟನನ್ನು ಹಿಂದಿನ ಪರದೆಯಿಂದ ಬೇರೆ ಮಾಡಲು ಬೆನ್ನಿಗೆ ಹೊಡೆದದ್ದು. ಲೈಟ್ ಎಲ್ಲಿಂದ ಬರುತ್ತಿದೆ, ಏಕೆ ಬರುತ್ತಿದೆ ಎಂದು ಕೇಳಿಕೊಳ್ಳದೆ ಸ್ವಿಚ್ ಮುಟ್ಟುವ ಹಾಗಿರಲಿಲ್ಲ. ಆ ಅಭ್ಯಾಸ ಇಟ್ಟುಕೊಂಡು ಮೊದಲ ಸಲ ಕಲ್ಯಾಣಮಂಟಪಕ್ಕೆ ಹೋದಾಗ ಗಾಬರಿಯಾಯಿತು. ವಿಡಿಯೊದವರ ಲೈಟು, ಎಲ್‌ಇಡಿ ಸರ, ಫ್ಲಾಷು, ಎಲ್ಲ ಎದುರಿನಿಂದಲೇ. ಮದುಮಗಳ ಮುಖ ಹಪ್ಪಳದಷ್ಟು ಚಪ್ಪಟೆ. ಮುಹೂರ್ತಕ್ಕೆ ಮುಂಚೆ ಆಕೆಯನ್ನು ಅಲಂಕಾರದ ಕೋಣೆಯ ಕಿಟಕಿಯ ಪಕ್ಕ ಎರಡು ನಿಮಿಷ ಕೂರಿಸಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿದ್ದು ಬಿಟ್ಟರೆ ನಾನು ಬೇರೇನೂ ಮಾಡಲಿಲ್ಲ. ಆ ಮನೆಯವರು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡದ್ದು ಆ ಫೋಟೋವನ್ನೇ.

ಈ ದಾರಿಯಲ್ಲಿ ಬಂದವರಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ಕೋಲ್ಕತ್ತದ ನಿಮಾಯ್ ಘೋಷ್. ಅವರು ಉತ್ಪಲ್ ದತ್ತರ ಲಿಟ್ಲ್ ಥಿಯೇಟರ್ ಗ್ರೂಪಿನ ನಟ. ವಯಸ್ಸು ಮೂವತ್ತು ದಾಟುವ ತನಕ ಅವರಿಗೂ ಕ್ಯಾಮೆರಾಗೂ ಸಂಬಂಧವಿರಲಿಲ್ಲ. ಯಾರೋ ಟ್ಯಾಕ್ಸಿಯಲ್ಲಿ ಮರೆತು ಹೋಗಿದ್ದ ಒಂದು ಸಾಧಾರಣ ಕ್ಯಾನನ್ ಕ್ಯಾಮೆರಾ ಗೆಳೆಯರೊಬ್ಬರ ಮೂಲಕ ಅವರ ಕೈಗೆ ಬಂತು. ಅದೇ ಹೊತ್ತಿಗೆ ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ ಶೂಟಿಂಗ್ ನಡೆಯುತ್ತಿತ್ತು. ಬಾಘಾನ ಪಾತ್ರ ಮಾಡುತ್ತಿದ್ದ ರಬಿ ಘೋಷ್ ಇವರ ನಾಟಕದ ಗೆಳೆಯ. ಗೆಳೆಯನನ್ನು ನೋಡಿಕೊಂಡು ಬರಲು ಹೋದವರು ತಾಲೀಮಿನ ಹೊತ್ತಿನಲ್ಲಿ ಒಂದಷ್ಟು ಫೋಟೋ ತೆಗೆದರು. ಅವು ರಾಯ್ ಕಣ್ಣಿಗೆ ಬಿದ್ದವು, ಹಿಡಿಸಿದವು. ಅಲ್ಲಿಂದ 1992ರಲ್ಲಿ ರಾಯ್ ತೀರಿಕೊಳ್ಳುವ ತನಕ, ಸುಮಾರು ಕಾಲು ಶತಮಾನ, ಅವರ ಸೆಟ್ಟಿನಲ್ಲಿ, ಮನೆಯಲ್ಲಿ, ಓದುವ ಕೋಣೆಯಲ್ಲಿ ನಿಮಾಯ್ ಘೋಷ್ ಇದ್ದೇ ಇದ್ದರು. ಇವತ್ತು ನಾವು ರಾಯ್ ಎಂದಾಗ ಕಣ್ಣಮುಂದೆ ಬರುವ ಎಷ್ಟೋ ಭಂಗಿಗಳು, ಕ್ಯಾಮೆರಾ ಹಿಂದೆ ಬಾಗಿದ ಆ ಉದ್ದನೆಯ ಮೈ, ಕುರ್ಚಿಯಲ್ಲಿ ಕಾಲು ಮಡಚಿ ಬರೆಯುತ್ತಿರುವುದು, ಅವರು ತೆಗೆದವು.

ಅವರು ಫ್ಲಾಷ್ ಬಳಸುತ್ತಿರಲಿಲ್ಲ, ಇದ್ದ ಬೆಳಕಿನಲ್ಲೇ ಕೆಲಸ. ಇದು ತಂತ್ರದ ಆಯ್ಕೆ ಎನ್ನುವುದಕ್ಕಿಂತ ನಟನ ನಡತೆ ಎಂದು ನನಗನ್ನಿಸುತ್ತದೆ. ರಂಗದ ಮೇಲೆ ಇನ್ನೊಬ್ಬರು ಮಾತಾಡುವಾಗ ಅಲುಗಾಡಬಾರದು, ಅವರ ದೃಷ್ಟಿಗೆ ಅಡ್ಡ ಬರಬಾರದು, ಮೌನ ಎಲ್ಲಿ ಮುಗಿಯುತ್ತದೆ ಎಂದು ಉಸಿರಿನಲ್ಲೇ ತಿಳಿಯಬೇಕು. ಇದನ್ನೆಲ್ಲ ನಾಟಕ ಕಲಿಸುತ್ತದೆ. ಸೆಟ್ಟಿನಲ್ಲಿ ಇಪ್ಪತ್ತೈದು ವರ್ಷ ಯಾರಿಗೂ ಬೇಡವಾಗದೆ ನಿಲ್ಲಲು ಬೇಕಾದ ವಿದ್ಯೆಯೂ ಅದೇ. ಅವರು ಕಡೆಯ ತನಕ ಕೋಲ್ಕತ್ತದ ರಂಗಭೂಮಿಯನ್ನು ಬಿಡಲಿಲ್ಲ, ಅಲ್ಲಿನ ನಾಟಕಗಳ ಫೋಟೋಗಳದ್ದೇ ಒಂದು ಪುಸ್ತಕ ಮಾಡಿದರು. 2020ರಲ್ಲಿ ತೀರಿಕೊಂಡರು. ನಟ ಫೋಟೋಗ್ರಾಫರ್ ಆದರೆ ನಾಟಕಕ್ಕೆ ನಷ್ಟ ಎನ್ನುವವರಿಗೆ ಆ ಪುಸ್ತಕ ತೋರಿಸಬೇಕು.

ಸಂಗೀತದ ಹುಡುಗರು ‘ನಮಗೇನಿದೆ ಸರ್ ಇದರಲ್ಲಿ’ ಅನ್ನುತ್ತಾರೆ. ನಮ್ಮ ಮೈಸೂರಿನಲ್ಲೇ ಹುಟ್ಟಿದ ವಿ.ಕೆ. ಮೂರ್ತಿಯವರ ಹೆಸರು ಕೇಳಿ. ಪಿಟೀಲು ಕಲಿತವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಮುಂಬೈಯಲ್ಲಿ ಗುರುದತ್ತರ ಕಣ್ಣಾದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959) ಅವರದು. ಅದರಲ್ಲಿ ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಕಂಬದ ಹಾಗೆ ಇಳಿಯುವ ಬೆಳಕಿದೆಯಲ್ಲ, ಅದು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಹಾಯಿಸಿ ಒಳಗೆ ತಂದದ್ದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ನೇ ಸಾಲಿಗೆ. ಇನ್ನು ಸುಬ್ರತ ಮಿತ್ರ. ‘ಪಥೇರ್ ಪಾಂಚಾಲಿ’ಗೆ ಕ್ಯಾಮೆರಾ ಹಿಡಿಯುವ ಮೊದಲು ಅವರು ಸಿನಿಮಾ ಕ್ಯಾಮೆರಾ ಮುಟ್ಟಿರಲಿಲ್ಲ, ಸ್ಟಿಲ್ ಫೋಟೋ ತೆಗೆಯುತ್ತಿದ್ದರು, ಸಿತಾರ್ ನುಡಿಸುತ್ತಿದ್ದರು. ಆ ಚಿತ್ರದ ಹಿನ್ನೆಲೆ ಸಂಗೀತದಲ್ಲಿ ಅವರ ಸಿತಾರ್ ಕೂಡ ಇದೆ. 1956ರ ‘ಅಪರಾಜಿತೋ’ದಲ್ಲಿ ಕಾಶಿಯ ಮನೆಯಂಗಳದ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ಲೈಟುಗಳನ್ನು ಕೆಳಗಿನಿಂದ ಆ ಬಟ್ಟೆಗೆ ಹೊಡೆದು, ವಾಪಸು ಬಂದ ಮೆತ್ತನೆಯ ಬೆಳಕಿನಲ್ಲಿ ಚಿತ್ರೀಕರಿಸಿದರು. ಶಾಮಿಯಾನದ ಬಿಳಿ ಬಟ್ಟೆಗೆ ಫ್ಲಾಷ್ ತಿರುಗಿಸಿ ಹೊಡೆಯುವಾಗ ನಾವು ಮಾಡುತ್ತಿರುವುದೂ ಅದನ್ನೇ.

ಇವರು ಸಿನಿಮಾದವರಾಯಿತು. ಸ್ಟಿಲ್ ಫೋಟೋದಲ್ಲಿ ತಾಳದ ಜ್ಞಾನ ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಯಕ್ಷಗಾನದಲ್ಲಿ. ಉತ್ತರ ಕನ್ನಡದ ಒಬ್ಬ ಹುಡುಗ ನನ್ನ ಜೊತೆ ಕೆಲಸಕ್ಕಿದ್ದ, ಮದ್ದಳೆ ಕಲಿತವನು. ಇಬ್ಬರೂ ಒಂದೇ ಆಟಕ್ಕೆ ಹೋಗುತ್ತಿದ್ದೆವು. ನಾನು ಕ್ಯಾಮೆರಾವನ್ನು ಬರ್ಸ್ಟ್‌ಗೆ ಹಾಕಿ ಟರ್ರೆಂದು ಒತ್ತಿಹಿಡಿದು, ಬೆಳಗಾಗುವಷ್ಟರಲ್ಲಿ ಕಾರ್ಡುಗಳನ್ನೆಲ್ಲ ತುಂಬಿಸಿರುತ್ತಿದ್ದೆ. ಅವನು ಸುಮ್ಮನೆ ಕೂತಿರುತ್ತಿದ್ದ. ಭಾಗವತರ ಪದ ಯಾವ ತಾಳದಲ್ಲಿದೆ, ಮುಕ್ತಾಯ ಎಲ್ಲಿ ಬೀಳುತ್ತದೆ, ವೇಷಧಾರಿ ಎಷ್ಟನೇ ಪೆಟ್ಟಿಗೆ ನೆಲ ಬಿಡುತ್ತಾನೆ ಎಂದು ಅವನಿಗೆ ಗೊತ್ತು. ಪೆಟ್ಟು ಬೀಳುವುದಕ್ಕೆ ಒಂದು ಕ್ಷಣ ಮುಂಚೆ ಬೆರಳು ಒತ್ತುತ್ತಿದ್ದ. ಒಂದೇ ಫೋಟೋ. ಕಿರೀಟ ಅಲುಗದೆ, ಅಂಗಿಯ ಅಂಚು ಪೂರ್ತಿ ಬಿಚ್ಚಿಕೊಂಡು, ಎರಡೂ ಕಾಲು ನೆಲದಿಂದ ಮೇಲೆ. ನನ್ನ ಬರ್ಸ್ಟ್‌ನಲ್ಲಿ ಅದರ ಹಿಂದಿನದೂ ಇರುತ್ತಿತ್ತು, ಮುಂದಿನದೂ ಇರುತ್ತಿತ್ತು. ಈಗ ಅವನಿಗೆ ಮೇಳಗಳಿಂದ, ನೃತ್ಯ ಶಾಲೆಗಳಿಂದ ಕರೆ ಬರುತ್ತದೆ. ಕುಣಿಯುವವರಿಗೆ ತಮ್ಮ ಕುಣಿತ ಗೊತ್ತಿರುವವನೇ ಬೇಕು. ಕೈಯೋ ಕಣ್ಣೋ ಅರ್ಧಂಬರ್ಧ ಇರುವಾಗ ತೆಗೆದ ಫೋಟೋ ಎಷ್ಟೇ ಚೂಪಾಗಿದ್ದರೂ ಅವರು ಮುಖಪುಟಕ್ಕೆ ಕೊಡುವುದಿಲ್ಲ.

ಆಟದ ಮಾತು ಬಂದದ್ದರಿಂದ ಒಂದೆರಡು ಕೆಲಸದ ಸಂಗತಿ ಹೇಳಿಬಿಡುತ್ತೇನೆ, ಅಡಿಟಿಪ್ಪಣಿ ಅಂದುಕೊಳ್ಳಿ. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಕತ್ತಲೆ ಜಾಸ್ತಿ ಇದೆ ಎಂದು ಮೋಸಹೋಗಿ ಮುಖದ ಬಣ್ಣವನ್ನೆಲ್ಲ ಸುಣ್ಣ ಮಾಡುತ್ತದೆ. ಒಂದೋ ಎರಡೋ ಸ್ಟಾಪ್ ಇಳಿಸಿ ತೆಗೆಯಿರಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಾಗಾಗಿ ಟ್ಯೂಬ್‌ಲೈಟಿನ ಕೆಳಗೆ, ಅಗ್ಗದ ಎಲ್‌ಇಡಿಯ ಕೆಳಗೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬಂದರೆ ಶಟರನ್ನು 1/100ಕ್ಕೋ 1/50ಕ್ಕೋ ತಂದು ನೋಡಿ. ಚೌಕಿಗೆ ಹೋಗುವ ಮುನ್ನ ಅನುಮತಿ ಕೇಳಿ, ಹಾಕಿಟ್ಟ ಕಿರೀಟವನ್ನು ದಾಟಬೇಡಿ. ಇದನ್ನು ಕಲಾವಿದರಿಗೆ ಹೇಳಬೇಕಾಗಿಲ್ಲ, ಹೊರಗಿನಿಂದ ಬಂದ ಕ್ಯಾಮೆರಾದವರಿಗೆ ಹೇಳಿ ಹೇಳಿ ಸಾಕಾಗಿದೆ.

ನಿಮ್ಮಲ್ಲಿ ಓದುವ ಹವ್ಯಾಸ ಇರುವವರು ಇಷ್ಟು ಹೊತ್ತಿಗೆ ‘ತೇಜಸ್ವಿ’ ಎಂದು ಬಾಯಿಬಿಟ್ಟಿರುತ್ತೀರಿ. ಕಥೆ, ಕಾದಂಬರಿ, ಪೇಂಟಿಂಗ್, ಮೀನು ಶಿಕಾರಿ, ಹಕ್ಕಿ ಫೋಟೋ, ಎಲ್ಲ ಒಬ್ಬರದೇ. ಖಂಡಿತ ದೊಡ್ಡವರು, ಅವರ ಹಕ್ಕಿಗಳನ್ನು ನೋಡಿಯೇ ಕ್ಯಾಮೆರಾ ಕೊಂಡ ಒಂದು ತಲೆಮಾರು ನಮ್ಮಲ್ಲಿದೆ. ಆದರೆ ಕಸುಬಿನ ಲೆಕ್ಕಕ್ಕೆ ಅವರನ್ನು ಉದಾಹರಣೆ ಕೊಡಬೇಡಿ. ಅವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟವಿತ್ತು. ಒಳ್ಳೆಯ ಫೋಟೋ ತೆಗೆಯುತ್ತಿದ್ದ ಎಂ.ವೈ. ಘೋರ್ಪಡೆಯವರು ಸಂಡೂರಿನ ರಾಜಮನೆತನದವರು, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ನಾವು ತಿಂಗಳ ಕೊನೆಗೆ ಬಾಡಿಗೆ ಕಟ್ಟಬೇಕಾದವರು.

ಈಗ ಸ್ವಲ್ಪ ಕಹಿ ಮಾತು. ಹಿಂದಿನ ಕಲೆ ಎಲ್ಲ ಸಲವೂ ಉಪಕಾರ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಚಿತ್ರಕಲೆಯಿಂದ ಬಂದವರಿಗೆ ಅಚ್ಚುಕಟ್ಟಿನ ರೋಗ ಇರುತ್ತದೆ: ಎಲ್ಲವೂ ಸರಿಯಾಗಿ ಜೋಡಿಸಿಕೊಂಡಿದೆ, ಉಸಿರು ಮಾತ್ರ ಇಲ್ಲ. ನಾಟಕದಿಂದ ಬಂದವರು ಎದುರಿಗಿದ್ದವರನ್ನೆಲ್ಲ ನಟರನ್ನಾಗಿ ಮಾಡುತ್ತಾರೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೂ ‘ಸ್ವಲ್ಪ ಆ ಕಡೆ ನೋಡಿ ಅಜ್ಜಿ, ಯೋಚನೆ ಮಾಡ್ತಾ ಇರೋ ಹಾಗೆ’ ಅನ್ನುತ್ತಾರೆ. ಕವಿಗಳು ಫೋಟೋಗಿಂತ ಉದ್ದದ ಶೀರ್ಷಿಕೆ ಬರೆಯುತ್ತಾರೆ. ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸ್ಸಾನ್ ಇದಕ್ಕೆ ಒಳ್ಳೆಯ ಮದ್ದು. ಆಂದ್ರೆ ಲೋಟ್ ಎಂಬ ಚಿತ್ರಕಾರನ ಹತ್ತಿರ ಪೇಂಟಿಂಗ್ ಕಲಿತವರು ಅವರು, ರೇಖಾಗಣಿತ ಅವರಿಗೆ ಅಲ್ಲೇ ಮೈಗೂಡಿದ್ದು. ಆದರೆ ಅವರನ್ನು ಕ್ಯಾಮೆರಾಗೆ ಎಳೆತಂದದ್ದು ಮಾರ್ಟಿನ್ ಮುಂಕಾಚಿ ತೆಗೆದ ಒಂದು ಫೋಟೋ. ಆಫ್ರಿಕಾದಲ್ಲಿ ಅಲೆಗಳೊಳಕ್ಕೆ ಮೂವರು ಹುಡುಗರು ಓಡುತ್ತಿದ್ದಾರೆ, ಅಷ್ಟೇ. ಸ್ಟುಡಿಯೊದಲ್ಲಿ ತಿಂಗಳುಗಟ್ಟಲೆ ಕೂತರೂ ಕುಂಚಕ್ಕೆ ದಕ್ಕದ ಒಂದು ಗಳಿಗೆ. 1932ರಲ್ಲಿ ಲೈಕಾ ಕೊಂಡರು, ಜೀವನದ ಬಹುಪಾಲು 50 ಎಂಎಂ ಲೆನ್ಸ್ ಒಂದರಲ್ಲೇ ಕೆಲಸ ಮಾಡಿದರು, 1947ರಲ್ಲಿ ಗೆಳೆಯರೊಡನೆ ಮ್ಯಾಗ್ನಮ್ ಸಂಸ್ಥೆ ಕಟ್ಟಿದರು. ಗಣಿತ ಪೇಂಟಿಂಗಿನಿಂದ, ಗಳಿಗೆ ಬೀದಿಯಿಂದ. ನಿಮ್ಮ ಕಲೆ ಅರ್ಧ ಕೊಡುತ್ತದೆ, ಉಳಿದರ್ಧಕ್ಕೆ ಹೊರಗೆ ಅಲೆಯಲೇಬೇಕು. 1970ರ ದಶಕದಲ್ಲಿ ಅದೇ ಮನುಷ್ಯ ಕ್ಯಾಮೆರಾವನ್ನು ಹೆಚ್ಚುಕಡಿಮೆ ಪಕ್ಕಕ್ಕಿಟ್ಟು ಮತ್ತೆ ಪೆನ್ಸಿಲ್ ಹಿಡಿದರು. ಮೇಷ್ಟ್ರು ಕೇಳಿದರೆ ಇದನ್ನು ಹೇಳಿ.

ತಂಗಿಯರಿಗೆ ಒಂದು ಮಾತು. ಹೋಮೈ ವ್ಯಾರಾವಾಲಾ ಅವರ ಬಗ್ಗೆ ಓದಿಕೊಳ್ಳಿ. ತಂದೆ ಊರೂರು ತಿರುಗುವ ಪಾರ್ಸಿ ನಾಟಕ ಕಂಪನಿಯ ನಟ, ಮಗಳು ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತವಳು. ಕ್ಯಾಮೆರಾ ಕಲಿಸಿದ್ದು ಮುಂದೆ ಕೈಹಿಡಿದ ಮಾಣೆಕ್‌ಷಾ. ಆಕೆಯ ಮೊದಮೊದಲ ಫೋಟೋಗಳು ಅಚ್ಚಾದದ್ದು ಅವರ ಹೆಸರಿನಲ್ಲಿ, ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ದೆಹಲಿಯಲ್ಲಿ ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ದೇಶ ಸ್ವತಂತ್ರವಾದ ವರ್ಷಗಳನ್ನು ದಾಖಲಿಸಿದರು. 1970ರಲ್ಲಿ ತಾವಾಗಿಯೇ ಸಾಕೆಂದು ಬಿಟ್ಟರು. 2011ರಲ್ಲಿ ಪದ್ಮವಿಭೂಷಣ ಬಂತು. ನಿಮ್ಮ ಕಾಲ ಅಷ್ಟು ಕಷ್ಟದ್ದಲ್ಲ. ಮದುವೆ ಮನೆಯ ಅಲಂಕಾರದ ಕೋಣೆಗೆ, ಬಾಣಂತಿ ಮಗುವಿನ ಫೋಟೋಗೆ ಹೆಣ್ಣುಮಕ್ಕಳೇ ಬರಲಿ ಎಂದು ಕೇಳುವ ಮನೆಗಳು ನನಗೆ ಬೇಕಾದಷ್ಟು ಗೊತ್ತು, ಕಳಿಸಲು ಜನ ಸಿಗುವುದಿಲ್ಲ.

ಹೆಸರಿನ ಮಾತು ಬಂದಮೇಲೆ ಕಾನೂನಿನ ಮಾತೂ ಆಗಲಿ. ಕಲಾಶಾಲೆಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಆದರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ ಆದರೆ, ಬೇರೆ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ, ಹಕ್ಕು ತೆಗೆಸಿದವರದು. 17ನೇ ಕಲಂ ಓದಿ. ಹಾಗಾಗಿ ನಾಟಕ ತಂಡವೋ ಆಭರಣದ ಅಂಗಡಿಯೋ ಕರೆದಾಗ ಒಂದು ಸಣ್ಣ ಮೇಲ್‌ನಲ್ಲಾದರೂ ಬರೆದುಕೊಳ್ಳಿ: ಫೋಟೋ ಎಲ್ಲೆಲ್ಲಿ ಬಳಸುತ್ತಾರೆ, ಎಷ್ಟು ಕಾಲ, ನೀವು ನಿಮ್ಮ ಪ್ರದರ್ಶನಕ್ಕೆ ಬಳಸಬಹುದೇ. ಹಕ್ಕು ಬೇರೆಯವರ ಕೈಗೆ ಹೋದರೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಂ ಉಳಿಸಿಕೊಟ್ಟಿದೆ. ನಾನು ತೆಗೆದ ಜಾತ್ರೆಯ ಫೋಟೋ ಒಂದು ಕ್ಯಾಲೆಂಡರಿನಲ್ಲಿ ಬೇರೆಯವರ ಹೆಸರಿನಡಿ ಅಚ್ಚಾದಾಗ ಈ ಕಲಂ ಹಿಡಿದೇ ಕಾಗದ ಬರೆದೆ, ಮುಂದಿನ ಮುದ್ರಣದಲ್ಲಿ ಸರಿಮಾಡಿದರು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸುತ್ತದೆ. 2012ರ ತಿದ್ದುಪಡಿಗೆ ಮುಂಚೆ ಫೋಟೋದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಮಾತ್ರ ಇರುತ್ತಿತ್ತು. ಈಗ ತೆಗೆದವರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ಅಂದರೆ ಪೇಂಟಿಂಗಿಗೆ, ಕಾದಂಬರಿಗೆ ಇರುವಷ್ಟೇ. ಫೋಟೋ ಕಲೆಯೋ ಅಲ್ಲವೋ ಎಂದು ಮೇಷ್ಟ್ರುಗಳು ಇನ್ನೂ ಜಗಳವಾಡುತ್ತಿದ್ದಾರೆ, ಸಂಸತ್ತು ತೀರ್ಮಾನ ಮಾಡಿ ಮುಗಿಸಿದೆ.

ದುಡ್ಡಿನ ವಿಷಯದಲ್ಲಿ ಕಲಾವಿದರು ಬಾಯಿ ಸತ್ತವರು. ‘ನಿಮಗೆ ತಿಳಿದಷ್ಟು ಕೊಡಿ ಸರ್’ ಎಂದರೆ ಅವರಿಗೆ ತಿಳಿದಷ್ಟೇ ಕೊಡುತ್ತಾರೆ. ಹೋಗಿಬರುವ ಖರ್ಚು, ಸಹಾಯಕನ ಕೂಲಿ, ಆಲ್ಬಂ ಪ್ರಿಂಟ್, ಎಡಿಟಿಂಗಿಗೆ ಕೂರುವ ರಾತ್ರಿಗಳು, ಲೆನ್ಸ್ ಸವೆಯುವುದು, ಎಲ್ಲ ಸೇರಿಸಿ ಒಂದು ಮೊತ್ತ ಹೇಳಿ, ಮುಂಗಡ ತೆಗೆದುಕೊಳ್ಳಿ, ತಾರೀಖು ಬರೆದುಕೊಳ್ಳಿ. ಕ್ಯಾಮೆರಾವನ್ನು ಇಎಂಐ ಮೇಲೆ ಕೊಳ್ಳಲು ಅವಸರ ಮಾಡಬೇಡಿ. ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ, ಊರಿನ ಸ್ಟುಡಿಯೊದವರ ಹತ್ತಿರವೂ ಕೇಳಿನೋಡಿ. ಒಂದು ಬಾಡಿ, ಒಂದು 50 ಎಂಎಂ, ಎರಡು ಬ್ಯಾಟರಿ ಸಾಕು. ಫೈಲುಗಳನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಡಿ. ಯಾರದೋ ಮದುವೆಯನ್ನು ಕಳೆದುಹಾಕಿದರೆ ಮತ್ತೆ ಮಾಡಿಸಲಾಗುವುದಿಲ್ಲ.

ಮೊಬೈಲ್ ಬಂತು, ಎಐ ಬಂತು, ಈ ಕಸುಬು ಇನ್ನೆಷ್ಟು ದಿನ ಎಂದು ಕೇಳುತ್ತೀರಿ. ಕೆಲವು ಕೆಲಸ ಹೋಗುತ್ತವೆ. ಪಾಸ್‌ಪೋರ್ಟ್ ಫೋಟೋ ಆಗಲೇ ಸೊರಗಿದೆ, ಸಾಮಾನಿನ ಜಾಹೀರಾತು ಫೋಟೋ ಕಡಿಮೆಯಾಗುತ್ತಿದೆ. ಒಂದು ಕಸುಬು ಕಣ್ಣೆದುರೇ ಮುಳುಗಿದ್ದನ್ನು ಕಂಡ ನನಗೆ ಇದು ಹೊಸದಲ್ಲ. ಅಲ್ಲಿದ್ದು, ಆ ಜನರನ್ನು ಬಲ್ಲವರಾಗಿ ತೆಗೆಯಬೇಕಾದ ಫೋಟೋಗೆ ಮಾತ್ರ ಇನ್ನೂ ಜನ ದುಡ್ಡು ಕೊಡುತ್ತಿದ್ದಾರೆ, ಮತ್ತು ಅಂಥ ಕೆಲಸಕ್ಕೆ ತಾಳ ಬಲ್ಲವರು, ಬೆಳಕು ಬಲ್ಲವರು, ಗೆರೆ ಬಲ್ಲವರು ಬೇಕು.

ಕೊನೆಗೆ ಒಂದು ಸ್ವಾರ್ಥದ ಮಾತು. ಈ ಮಳೆಗಾಲ ಮುಗಿದ ಮೇಲೆ ಮದುವೆಗಳೂ ಮೇಳಗಳೂ ಶುರುವಾಗುತ್ತವೆ. ನನ್ನ ಜೊತೆ ಕೆಲಸಕ್ಕೆ ಇಬ್ಬರು ಬೇಕು. ಸಂಬಳವಿದೆ, ಊಟ ಮದುವೆಮನೆಯವರದು, ರಾತ್ರಿ ನಿದ್ದೆಯ ಭರವಸೆ ಕೊಡಲಾರೆ. ಬರುವವರು ಫೋಟೋ ಆಲ್ಬಂ ತರಬೇಕಾಗಿಲ್ಲ, ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ. ಸ್ಕೆಚ್ ಪುಸ್ತಕವಿದ್ದರೆ ತನ್ನಿ, ಮದ್ದಳೆಯಿದ್ದರೆ ಹೊತ್ತುಕೊಂಡು ಬನ್ನಿ. ನಿಮ್ಮ ಶಾಲೆಯ ಮೇಷ್ಟ್ರ ಹತ್ತಿರ ನನ್ನ ಫೋನ್ ನಂಬರ್ ಇದೆ.

ಇಂತಿ ನಿಮ್ಮ,
ಹಳೆಯ ಬೋರ್ಡ್ ಬರೆಯುವವ, ಈಗಿನ ಫೋಟೋಗ್ರಾಫರ್